ಕುದ್ರುವಿನ ತಲೆಯನ್ನು ಹೊಳೆಗೆ ಬಿಟ್ಟುಕೊಟ್ಟದ್ದು

ಹೊಳೆಯ ನಡುವಿನ ದ್ವೀಪಕ್ಕೆ ನಮ್ಮ ಕಡೆ ಕುದ್ರು ಎನ್ನುತ್ತಾರೆ. ಪೊಳಲಿಯಿಂದ ಕೆಳಗೆ ಫಲ್ಗುಣಿ ಎರಡಾಗಿ ಒಡೆದು ಮತ್ತೆ ಒಂದಾಗುವಲ್ಲಿ ಅಂಥದ್ದೊಂದು ಇದೆ. ಹೆಸರು ಬೇಡ. ಎರಡು ಮನೆ, ಒಂದಿಷ್ಟು ಗದ್ದೆ, ತೆಂಗು, ಮೇಲ್ತುದಿಯಲ್ಲಿ ಒಂದು ಹಳೆಯ ಹೊಂಗೆಮರ. ಮೇಲ್ತುದಿಗೆ ಅಲ್ಲಿಯವರು ತಲೆ ಎನ್ನುತ್ತಾರೆ, ಕೆಳತುದಿಗೆ ಬಾಲ. ಹೊಳೆ ಬಂದು ಮೊದಲು ಬಡಿಯುವುದು ತಲೆಗೆ. ವರ್ಷ ವರ್ಷ ಜರಿಯುತ್ತಿದ್ದ ಆ ತಲೆಯನ್ನು ಮಳೆಗಾಲಕ್ಕೆ ಮೊದಲು ಗಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮದು ಬಂಟ್ವಾಳದ ಒಂದು ಸಣ್ಣ ಸಂಸ್ಥೆ. ಕುದ್ರುಗಳ ದಂಡೆ ಕಾಯುವುದು, ಅಲ್ಲಿಯ ಬೇಸಾಯ ನಿಂತುಹೋಗದ ಹಾಗೆ ನೋಡಿಕೊಳ್ಳುವುದು, ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಹೊಳೆಯನ್ನು ಹತ್ತಿರದಿಂದ ತೋರಿಸುವುದು ನಮ್ಮ ಕೆಲಸ. ಮಕ್ಕಳ ಜೊತೆ ತಿರುಗುವವಳಾದ್ದರಿಂದ ಕುದ್ರುವಿನವರಿಗೆ ನಾನು ಟೀಚರ್. ಟೀಚರ್ ಅಲ್ಲ ಎಂದು ಹೇಳಿ ಹೇಳಿ ಸುಸ್ತಾಗಿ ಸುಮ್ಮನಾದೆ.

ಅಲ್ಲಿಗೆ ಸೇತುವೆ ಇಲ್ಲ. ದಡದಲ್ಲಿ ನಿಂತು ಕೂ ಹಾಕಬೇಕು, ಕುದ್ರುವಿನಿಂದ ದೋಣಿ ಬರಬೇಕು. ಮೊಬೈಲ್ ಬಂದ ಮೇಲೂ ಹಾಗೆಯೇ, ಏಕೆಂದರೆ ಆ ತಗ್ಗಿನಲ್ಲಿ ಸಿಗ್ನಲ್ ಸಿಗುವುದು ನಮ್ಮ ಹಣೆಬರಹ ಇದ್ದ ಹಾಗೆ. ಕೂ ಹಾಕುವುದಕ್ಕೊಂದು ನಿಯಮವಿದೆ. ಹಗಲು ಒಂದು ಸಾಕು. ಹೊತ್ತು ಮುಳುಗಿದ ಮೇಲಾದರೆ ಮೂರನೆಯ ಕೂ ಕೇಳುವ ತನಕ ಯಾರೂ ಹುಟ್ಟು ಮುಟ್ಟುವುದಿಲ್ಲ, ಓಗೊಡುವುದೂ ಇಲ್ಲ. ಸತ್ತವರು, ನಮ್ಮ ಮಾತಿನಲ್ಲಿ ಕುಲೆಗಳು, ಒಂದೋ ಎರಡೋ ಸಲ ಕರೆಯುತ್ತವಂತೆ. ಮೂರನೆಯದು ಅವುಗಳಿಂದ ಆಗುವುದಿಲ್ಲವಂತೆ. ಇಂಥ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಹೋಗುವವಳು ಕುಲೆಗಳ ಲೆಕ್ಕದಲ್ಲಿ ಬೊಬ್ಬೆ ಹಾಕಬೇಕಲ್ಲ ಎಂದು.

ಮೊದಲ ಸಲ ಹೋದ ದಿನ ಬಸ್ಸು ಕೈಕೊಟ್ಟು ಮುಸ್ಸಂಜೆಗೆ ದಡ ಮುಟ್ಟಿದೆ. ಮೂರು ಸಲ ಕೂಗಬೇಕಲ್ಲ ಎಂದು ಗಂಟಲು ಸರಿಮಾಡಿಕೊಂಡು ಒಂದು ಕೂ ಹಾಕಿದ್ದೇ ತಡ, ಆಚೆಯಿಂದ ಹುಟ್ಟಿನ ಸದ್ದು ಕೇಳಿತು. ದೋಣಿಯಲ್ಲಿ ಒಬ್ಬ ಹೆಂಗಸು. ಐವತ್ತರ ಆಸುಪಾಸು, ಸೀರೆಯ ಮೇಲೆ ಗಂಡಸರ ಅಂಗಿ. ಅವಸರ ಅವಸರವಾಗಿ ಬಂದವರು ಹತ್ತಿರವಾಗಿ ನನ್ನ ಮುಖ ಕಂಡದ್ದೇ ಕೈ ನಿಧಾನ ಮಾಡಿದರು.

“ಬನ್ನಿ, ನಡುವೆ ಕೂತುಕೊಳ್ಳಿ. ಬದಿಗೆ ಬೇಡ,” ಎಂದರು, ಅಷ್ಟೇ.

ಕುದ್ರುವಿನ ತಲೆಯಲ್ಲಿ ದೋಣಿ ಕಟ್ಟುವ ಕಡವು, ಮೇಲಿನ ಗದ್ದೆ, ಹೊಂಗೆಮರ ಎಲ್ಲ ಇವರದ್ದೇ. ನಾನು ಅಕ್ಕ ಎಂದು ಕರೆಯತೊಡಗಿದೆ. ಇನ್ನೊಂದು ಮನೆ ಅವರ ಮೈದುನನದು. ಅಕ್ಕನ ಗಂಡ ಹೊಳೆಗೆ ಹೋದವರು, ಹೆಣ ಸಿಗಲಿಲ್ಲ, ಸಿಗದಿದ್ದರೂ ಮನೆಯವರು ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಿ ಮುಗಿಸಿದ್ದಾರೆ ಎಂಬಷ್ಟು ಆ ಮೈದುನ ಮೊದಲ ವಾರದಲ್ಲೇ ಹೇಳಿದರು. ನಮ್ಮ ಮಾತುಕತೆಯೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸುಗ್ಗಿ ಕೊಯ್ಲು ಮುಗಿದು ಹೊಳೆ ಇಳಿದ ಮೇಲೆ ಕೆಲಸ ಶುರುವಾಯಿತು. ಮೂಡುಬಿದಿರೆಯಿಂದ ಒಬ್ಬ ನಿವೃತ್ತ ಇಂಜಿನಿಯರ್ ಸಂಬಳವಿಲ್ಲದೆ ನಮ್ಮ ಜೊತೆ ಬರುತ್ತಿದ್ದರು. ಆಣೆಕಟ್ಟು, ಕಾಲುವೆ ಎಂದು ಕಾಲ ಕಳೆದವರು. ಒಂದು ಕಿವಿ ಸ್ವಲ್ಪ ಮಂದ, ಬಾಯಿ ಮಾತ್ರ ಚುರುಕು. ದಂಡೆ ಮೇಲಿನಿಂದ ಜರಿಯುವುದಲ್ಲ, ಕೆಳಗಿನಿಂದ ಎಂದು ಮೊದಲ ದಿನವೇ ತೋರಿಸಿದರು. ಮೇಲೆ ಗಟ್ಟಿ ಗೋಡುಮಣ್ಣು, ಅಡಿಯಲ್ಲಿ ಬರೀ ಮರಳು. ನೀರು ಆ ಮರಳನ್ನು ಕೆರೆದು ಕೆರೆದು ಗವಿ ಮಾಡುತ್ತದೆ. ಮೇಲಿನ ಮಣ್ಣು ಸ್ವಲ್ಪ ಕಾಲ ಹಾಗೆಯೇ ನೇತಾಡಿ, ಒಂದು ದಿನ ಬದುವಿನ ಸಮೇತ ಕುಸಿದು ಕೂರುತ್ತದೆ.

ಆದ್ದರಿಂದ ಗೋಡೆಯಂತೆ ನೆಟ್ಟಗಿದ್ದ ದಂಡೆಯನ್ನು ಕಡಿದು ಇಳಿಜಾರು ಮಾಡಿದೆವು. ಬುಡದಲ್ಲಿ ಅಡಿಕೆಮರದ ಗೂಟ ಹೊಡೆದು, ನಡುವೆ ಓಟೆ ಬಿದಿರು ಹೆಣೆದು, ಹಿಂದೆ ತೆಂಗಿನ ನಾರಿನ ಚೀಲಗಳಲ್ಲಿ ಮಣ್ಣು ತುಂಬಿ ಒತ್ತಿದೆವು. ನೀರಿನ ಅಂಚಿಗೆ ಮುಂಡೇವು, ಮೂಡೆ ಕಡುಬು ಕಟ್ಟುವ ಎಲೆಯ, ಕೇದಗೆಯಂಥ ಗಿಡ. ಅದರ ಬೇರು ಕಾಲೂರಿದರೆ ಎಳೆದು ತೆಗೆಯುವುದು ಸುಲಭವಲ್ಲ. ಮೇಲಿನ ಇಳಿಜಾರಿಗೆ ಸಾಲು ಸಾಲು ಲಾವಂಚ. ಸಸಿಗಳನ್ನು ಮಡಂತ್ಯಾರಿನ ನರ್ಸರಿಯಿಂದ ಪಿಕಪ್ಪಿನಲ್ಲಿ ತಂದು ದೋಣಿಗೆ ದಾಟಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಅಕ್ಕ ದೋಣಿಯೂ ನಡೆಸುತ್ತಿದ್ದರು, ಗುಂಡಿಯೂ ತೋಡುತ್ತಿದ್ದರು. ಸಂಜೆಯಾದರೆ ಮಾತ್ರ ಎಲ್ಲ ಬಿಟ್ಟು ಕಡವಿನ ಕಲ್ಲಿನ ಮೇಲೆ ದಡದ ಕಡೆ ಮುಖ ಮಾಡಿ ಕೂರುತ್ತಿದ್ದರು. ನಾವು ಮಾತಾಡಿಸಿದರೆ ಹೂಂ ಅನ್ನುತ್ತಿದ್ದರು, ಕಿವಿ ಬೇರೆಲ್ಲೋ ಇರುತ್ತಿತ್ತು. ಅವರ ಪಕ್ಕದಲ್ಲಿ ಕೂತರೆ ನನಗೂ ಮಾತು ನಿಂತುಹೋಗುತ್ತಿತ್ತು. ಯಾರೋ ಬರುವವರಿದ್ದಾರೆ, ತಡವಾಗಿದೆ ಎಂಬ ಒಂದು ಕಸಿವಿಸಿ ಅಲ್ಲಿಂದ ಮನೆಯ ತನಕ ನನ್ನ ಜೊತೆ ಬರುತ್ತಿತ್ತು.

ಬಿಸಿಲಿಗೆ ಲಾವಂಚ ಅರ್ಧ ಒಣಗಿತು. ಮತ್ತೆ ತಂದು ನೆಟ್ಟೆವು. ಚಿಗುರು ಬಂತು ಎನ್ನುವಾಗ ಬೆಳ್ತಂಗಡಿಯ ಆಚೆ ಘಟ್ಟದ ಬುಡದಲ್ಲಿ ಅಕಾಲದ ಮಳೆ ಹೊಡೆಯಿತು. ನಮ್ಮಲ್ಲಿ ಒಂದು ಹನಿ ಇಲ್ಲ. ಬೆಳಿಗ್ಗೆ ನೋಡಿದರೆ ಕೆಂಪು ನೀರು ಮೇಲೇರಿ ಗೂಟ, ಹೆಣಿಗೆ, ಚೀಲ ಎಲ್ಲ ಕಿತ್ತುಕೊಂಡು ಹೋಗಿದೆ. ನನಗೆ ಅಳು ಬಂದದ್ದು ನಿಜ. ಇಂಜಿನಿಯರ್ ದೋಣಿ ಹತ್ತಿ, ಉದ್ದದ ಬಿದಿರನ್ನು ತಲೆಯ ಎದುರಿಗೆ ಇಳಿಸಿ ಇಳಿಸಿ ಆಳ ನೋಡಿದರು. ಒಂದು ಜಾಗದಲ್ಲಿ ಬಿದಿರು ಪೂರ್ತಿ ಮುಳುಗಿ, ಕೈಯೂ ಮುಳುಗಿತು. ಹಿಂದೆ ಯಾರೋ ಮರಳು ತೆಗೆದು ಬಿಟ್ಟ ಹೊಂಡ. ಮೇಲೆ ಬಂದು ನಡೆದು ನೋಡಿದರೆ ನಮ್ಮ ಲಾವಂಚದ ಸಾಲಿಗಿಂತ ಹಿಂದೆ, ಗದ್ದೆಯಲ್ಲೇ, ಒಂದು ಬಿರುಕು ಬಾಯಿ ಬಿಟ್ಟಿತ್ತು.

“ಇದು ನಿಲ್ಲುದಿಲ್ಲ ಮಾರಾಯ್ತಿ. ಹೊಂಡದ ಬಾಯಿಗೆ ಬೇಲಿ ಹಾಕಿದ ಹಾಗೆ ಆಯ್ತು ನಮ್ಮದು,” ಎಂದರು ಇಂಜಿನಿಯರ್.

“ಮತ್ತೆ ಎಂತ ಮಾಡುದು ಸರ್?”

“ತಲೆ ಬಿಡುವ. ಹಿಂದೆ ಬಂದು, ಮನೆಯ ಬಾವಿಯ ಹತ್ತಿರ ದಂಡೆಗೆ ಹೊಸ ಗೆರೆ ಹಾಕುವ. ಅಲ್ಲಿ ಅಡಿಮಣ್ಣು ಗಟ್ಟಿ ಉಂಟು. ಇಲ್ಲಿಯೇ ಹಟ ಹಿಡಿದು ಕೂತರೆ ಈ ಮಳೆಗಾಲ ತಲೆ ಹೇಗೂ ಹೋಗ್ತದೆ, ಹೋಗುವಾಗ ನೀರನ್ನು ನಡುಗದ್ದೆಗೆ ನುಗ್ಗಿಸಿ ಹೋಗ್ತದೆ. ಕುದ್ರು ಎರಡು ತುಂಡು. ಎರಡೂ ಮನೆ ಇಲ್ಲ.”

ಲೆಕ್ಕ ಸರಿಯಾಗಿಯೇ ಇತ್ತು. ಸಸಿ ಇನ್ನೊಂದು ಸಲ ತರಬಹುದು, ಮಳೆಗೆ ಮೊದಲು ಸಿಗುವ ದಿನಗಳು ಕಮ್ಮಿ. ಆದರೆ ಜಾಗ ಅಕ್ಕನದು. ಅವರು ಒಪ್ಪದೆ ಒಂದು ಗೂಟ ಹೊಡೆಯುವಂತಿಲ್ಲ. ನಾನು ಹೇಳಿದೆ. ಅವರು ಕೈಯ ಮಣ್ಣು ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದರು.

“ಗದ್ದೆ ಹೋಗಲಿ ಟೀಚರ್. ಮರವೂ ಹೋಗಲಿ. ಕಡವು ಬಿಡ್ಲಿಕ್ಕೆ ಆಗುದಿಲ್ಲ.”

“ಕಡವು ಬಾಲಕ್ಕೆ ಹಾಕುವ ಅಕ್ಕ. ಅಲ್ಲಿ ಸೆಳವು ಕಮ್ಮಿ.”

“ಬಾಲಕ್ಕೆ ಈ ದಡದ ಕೂ ಕೇಳುದಿಲ್ಲ.”

ಆಚೆ ದಡದ ದಾರಿಯನ್ನೇ ಬದಲಿಸಿದರೆ ಆಯಿತಲ್ಲ, ಜನ ಅಲ್ಲಿಗೆ ಬಂದು ಕೂಗುತ್ತಾರೆ ಎಂದೆ. ಅವರು ತಲೆಯಾಡಿಸಿದರು. ಮೈದುನ ಪಕ್ಕದಲ್ಲೇ ಇದ್ದರು. ಅವರ ಮನೆಯಲ್ಲಿ ಸಣ್ಣ ಮಕ್ಕಳು. ಅತ್ತಿಗೆಗೆ ಎದುರು ಹೇಳುವ ಅಭ್ಯಾಸವಿಲ್ಲದ ಮನುಷ್ಯ, ಮುಖ ಕೆಂಪು ಮಾಡಿಕೊಂಡು ಎದ್ದುಹೋದರು. ನನಗೂ ರೇಗಿತು. ಎರಡು ಮನೆ ನೀರಿಗೆ ಹೋಗುವಾಗ ಒಂದು ಕಲ್ಲಿಗೆ ಇಷ್ಟು ಹಟವೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮರುದಿನ ಉಳಿದ ಲಾವಂಚವನ್ನು ಬೇರು ಸಮೇತ ಎಬ್ಬಿಸಿ ಒದ್ದೆ ಗೋಣಿಯಲ್ಲಿ ಸುತ್ತುತ್ತಿದ್ದೆವು, ನಾನು ಮತ್ತು ಅಕ್ಕ ಇಬ್ಬರೇ. ಕೇಳದೆಯೇ ಅವರು ಹೇಳಿದರು.

“ಮಳೆಗಾಲ. ಹೊತ್ತು ಮುಳುಗಿತ್ತು. ಇವರು ಪೇಟೆಗೆ ಹೋದವರು ಬರ್ಲಿಲ್ಲ. ದೋಣಿ ಈಚೆ ಇತ್ತು. ದಡದಿಂದ ಒಂದು ಕೂ ಬಂತು. ನಾನು ಹುಟ್ಟು ಹಿಡ್ಕೊಂಡು ಕಡವಿನಲ್ಲೇ ನಿಂತಿದ್ದೇನೆ. ಅತ್ತೆ ಇದ್ದರು ಆಗ. ನಿಲ್ಲು, ಮೂರಾಗಲಿ ಅಂದ್ರು. ಎರಡನೆಯದು ಬಂತು. ಇವರದ್ದೇ ಸ್ವರ. ಆದ್ರೆ ಅವುಗಳು ನಮ್ಮವರ ಸ್ವರದಲ್ಲೇ ಕರೆಯುದಲ್ವಾ? ಮೂರಾಗಲಿ ಅಂತ ನಿಂತೆ. ಮೂರನೆಯದು ಬರ್ಲೇ ಇಲ್ಲ. ದೋಣಿ ಕಾಣದೆ ಈಜಿ ಬರುವ ಅಂತ ಇಳಿದಿರಬೇಕು. ಚಪ್ಪಲಿ, ಚೀಲ ದಡದಲ್ಲೇ ಇತ್ತು.”

ಗೋಣಿಯ ಬಾಯಿ ಕಟ್ಟಿ, “ಈಗ ಒಂದಕ್ಕೇ ಹೋಗ್ತೇನೆ,” ಎಂದರು. “ಯಾರೇ ಆಗಲಿ.”

 ಎಷ್ಟು ವರ್ಷ ಆಯಿತು ಎಂದು ಕೇಳುವ ಧೈರ್ಯ ಆಗಲಿಲ್ಲ. ಆ ಹೊತ್ತು ಆಚೆ ದಡದಲ್ಲಿ ಯಾರೂ ಇರಲಿಲ್ಲ, ಆದರೂ ನಾನು ಮತ್ತೆ ಮತ್ತೆ ಅತ್ತ ನೋಡುತ್ತಿದ್ದೆ. 

ಬಿ.ಸಿ.ರೋಡಿಗೆ ಮರಳುವ ಬಸ್ಸಿನಲ್ಲಿ ಒಂದು ಯೋಚನೆ ಬಂತು. ಅಕ್ಕ ಕೇಳುತ್ತಿರುವುದು ಕಡವನ್ನಲ್ಲ, ಆ ದಡದ ಕೂ ಕೇಳುವ ಒಂದು ಜಾಗವನ್ನು. ಹೊಸ ಗೆರೆಯ ಒಳಗೆ ಅಂಥ ಜಾಗ ಇದೆಯೋ ಇಲ್ಲವೋ ಎಂದು ಅಳೆದು ನೋಡಬಹುದಲ್ಲ. ಮಟ್ಟ ಅಳೆಯುತ್ತೇವೆ, ಆಳ ಅಳೆಯುತ್ತೇವೆ, ಇದನ್ನೇಕೆ ಅಳೆಯಬಾರದು? ಫೋನಿನಲ್ಲಿ ಇಂಜಿನಿಯರಿಗೆ ಹೇಳಿದರೆ, “ನಿನ್ನ ಮಂಡೆ ಸರಿ ಉಂಟಾ?” ಎಂದರು. ಆದರೂ ಮಾರನೆಯ ದಿನ ಟಾರ್ಚ್ ಹಿಡಿದುಕೊಂಡು ಬಂದರು.

ಮುಸ್ಸಂಜೆಗೆ ಮೈದುನ ನನ್ನನ್ನು ಆಚೆ ದಡಕ್ಕೆ ಬಿಟ್ಟು, ದೋಣಿಯಲ್ಲೇ ಕಾದು ಕುಳಿತರು. ಅಕ್ಕ ಮತ್ತು ಇಂಜಿನಿಯರ್ ಕುದ್ರುವಿನಲ್ಲಿ ಹೊಸ ಗೆರೆಯ ಉದ್ದಕ್ಕೂ ಗುರುತಿಗೆ ಚುಚ್ಚಿದ ಒಂದೊಂದು ಕಡ್ಡಿಯ ಹತ್ತಿರ ನಿಲ್ಲುವುದು, ಟಾರ್ಚ್ ಬೆಳಗಿದಾಗ ನಾನು ಮೂರು ಕೂ ಹಾಕುವುದು, ಕೇಳಿದರೆ ಅವರು ಟಾರ್ಚ್ ಎರಡು ಸಲ ಆರಿಸಿ ಹಚ್ಚುವುದು. ಹೀಗೆಂದು ಮಾತಾಗಿತ್ತು. ಕತ್ತಲು ಕವಿಯುತ್ತಿದ್ದ ಆಚೆ ದಡದ ಕಲ್ಲೊಂದರ ಮೇಲೆ, ಚಪ್ಪಲಿ, ಚೀಲ ಸಿಕ್ಕಿದ ಅದೇ ಜಾಗದಲ್ಲಿ ನಿಂತು ಕೂಗುವಾಗ ನನ್ನ ಸ್ವರ ನನಗೇ ಬೇರೆಯವರದು ಅನ್ನಿಸಿತು. ಎರಡನೆಯ ಕೂಗಿನ ನಂತರದ ಮೌನವನ್ನು ಪ್ರತಿ ಸಲವೂ ಸಹಿಸಲಾಗುತ್ತಿರಲಿಲ್ಲ. ಮೂರನೆಯದನ್ನು ಅವಸರವಾಗಿ ಹಾಕಿಬಿಡುತ್ತಿದ್ದೆ.

ಮೊದಲ ಕಡ್ಡಿಗಳಲ್ಲಿ ಟಾರ್ಚ್ ಆರಲಿಲ್ಲ. ತಗ್ಗು, ಅಡ್ಡಕ್ಕೆ ತೆಂಗಿನಮರ. ಕೊನೆಗೆ ಗೆರೆ ಬಿಟ್ಟು ಬಾವಿಯ ಈಚೆ, ಹೊಳೆಯ ಕಡೆಗೆ, ಒಂದು ಜಾಗದಲ್ಲಿ ಬೆಳಕು ಎರಡು ಸಲ ಆರಿ ಹತ್ತಿತು. ಮುಗಿಯಿತು ಎಂದು ನಾನು ಕೆಳಗಿಳಿದು ದೋಣಿ ಹತ್ತಿದೆ. ಮೈದುನ ಬೆಳಕು ಕಂಡ ಕಡೆಗೇ ಹುಟ್ಟು ಹಾಕಿದರು. ಇಬ್ಬರೂ ಮಾತಾಡಲಿಲ್ಲ.

ಅಕ್ಕ ಆ ಜಾಗದಲ್ಲೇ ನಿಂತಿದ್ದರು. ಇಂಜಿನಿಯರ್ ಆಗಲೇ ಟಾರ್ಚ್ ಹಿಡಿದು ಮನೆಯ ಕಡೆ ಹೋಗಿದ್ದರು.

“ಇಲ್ಲಿ ಕೇಳ್ತದೆ ಟೀಚರ್,” ಎಂದರು. “ಮೂರೂ ಕೇಳಿತು. ಆಮೇಲೆ ಸ್ವಲ್ಪ ಬಿಟ್ಟು ಮೆಲ್ಲಗೆ ಇನ್ನೊಂದು ಹಾಕಿದ್ರಲ್ಲ, ಅದೂ ಕೇಳಿತು. ಅಷ್ಟು ಮೆಲ್ಲಗಿನದ್ದೂ ಕೇಳ್ತದೆ ಅಂದ್ರೆ ಸಾಕು. ತಲೆ ಬಿಡುವ.”

ನಾನು ಮೂರೇ ಹಾಕಿದ್ದು. ಮೈದುನನ ಮುಖ ನೋಡಿದೆ. ಅವರು ಬಗ್ಗಿ ದೋಣಿಯ ಹಗ್ಗ ಕಟ್ಟುತ್ತಿದ್ದರು, ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಆ ದಡದ ಹಿಂದೆ ಗೋಡೆಯ ಹಾಗೆ ಕೆಂಪುಕಲ್ಲಿನ ದರೆ ಇದೆ. ಸ್ವರ ಅದಕ್ಕೆ ಬಡಿದು ತಿರುಗಿ ಬಂದಿರಬಹುದು. ಹಾಗಿದ್ದರೆ ಮೊದಲಿನ ಕೂಗುಗಳಿಗೂ ಬರಬೇಕಿತ್ತಲ್ಲ, ಇಷ್ಟು ತಡವಾಗಿ ಬರುತ್ತದೆಯೇ, ನನಗೇಕೆ ಕೇಳಲಿಲ್ಲ?  ನಾಲ್ಕನೆಯದು ನನ್ನದಲ್ಲ ಎಂದು ಆ ಹೊತ್ತಿಗೆ ಅಕ್ಕನಿಗೆ ಹೇಳಲಿಲ್ಲ. ಹೆದರಿಕೆಯಾಗಿತ್ತು ಎನ್ನುವುದನ್ನು ಮುಚ್ಚಿಡುವುದೇಕೆ.

ಒಂದು ತೊಡಕು ಉಳಿದಿತ್ತು. ಆ ಜಾಗ ಇಂಜಿನಿಯರರ ಗೆರೆಯಿಂದ ಹೊರಗೆ, ಹೊಳೆಯ ಬದಿಗೆ ಬೀಳುತ್ತಿತ್ತು. ಅದನ್ನು ಒಳಗೆ ತಂದುಕೊಳ್ಳಬೇಕಾದರೆ ಗೆರೆಯನ್ನು ಅಲ್ಲಿ ಹೊಟ್ಟೆಯ ಹಾಗೆ ಮುಂದಕ್ಕೆ ಬಗ್ಗಿಸಬೇಕು. ಬಗ್ಗಿದಲ್ಲೇ ನೀರು ಹೆಚ್ಚು ಬಡಿಯುವುದು.

“ನೆಟ್ಟಗೆ ಹೋದರೆ ಗ್ಯಾರಂಟಿ ಕೊಡ್ತೇನೆ. ಬಗ್ಗಿಸಿದರೆ ಇಲ್ಲ. ಎರಡು ಮನೆಯ ವಿಷಯ ಇದು,” ಎಂದರು ಇಂಜಿನಿಯರ್.

“ನೆಟ್ಟಗೆ ಹೋಗ್ಲಿಕ್ಕೆ ಅಕ್ಕ ಬಿಡುದಿಲ್ಲ ಸರ್. ಬಿಡದಿದ್ದರೆ ಗೆರೆಯೇ ಇಲ್ಲ. ಬಗ್ಗಿಸುವ. ನಾನು ಹೇಳಿದ್ದು ಅಂತ ಇರಲಿ.”

ಅವರು ಸ್ವಲ್ಪ ಹೊತ್ತು ಗೊಣಗಿದರು. ಆಮೇಲೆ ಬಗ್ಗಿದ ಭಾಗಕ್ಕೆ ಎರಡು ಸಾಲು ಗೂಟ, ಚೀಲಗಳನ್ನು ಇಟ್ಟಿಗೆ ಕಟ್ಟಿದ ಹಾಗೆ ಸಂದು ತಪ್ಪಿಸಿ ಇಡಬೇಕು, ಮುಂಡೇವು ಒತ್ತೊತ್ತಾಗಿ ನೆಡಬೇಕು ಎಂದು ಅವರೇ ಗೆರೆ ಎಳೆದು ಕೊಟ್ಟರು. ಮೈದುನನ ಮನೆಯವರೆಲ್ಲ ಸೇರಿದರು. ಕೊನೆಯ ಚೀಲ ಇಟ್ಟದ್ದು ಮಳೆ ಸುರಿಯುವಾಗಲೇ, ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಮಳೆ.

ಆಟಿ ತಿಂಗಳಲ್ಲಿ, ಆಷಾಢದ ಮಳೆಗೆ, ಹೊಳೆ ಏರಿತು. ಪಂಚಾಯತಿಯವರು ದೊಡ್ಡ ದೋಣಿ ತಂದು ಮೈದುನನ ಸಂಸಾರವನ್ನು ಶಾಲೆಗೆ ಸಾಗಿಸಿದರು. ಅಕ್ಕ ಏಳಲಿಲ್ಲ. ಅತ್ತಿಗೆ ಒಬ್ಬರನ್ನೇ ಬಿಡುವುದು ಹೇಗೆ ಎಂದು ಮೈದುನನೂ ಉಳಿದರು. ನಾನು ಕೊಡೆ ಹಿಡಿದು ಆಚೆ ದಡದಲ್ಲಿ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹೊಂಗೆಮರ ಒಮ್ಮೆ ನಡುಗಿ, ನಿಂತ ಹಾಗೆಯೇ ಗದ್ದೆಯ ಜೊತೆ ಜಾರತೊಡಗಿತು. ಬೀಳಲಿಲ್ಲ, ನಿಂತುಕೊಂಡೇ ನೀರಿಗೆ ಹೋಯಿತು. ಕಡವಿನ ಕಲ್ಲು ಯಾವಾಗ ಹೋಯಿತೆಂದು ನೋಡಲೇ ಇಲ್ಲ. ನನ್ನ ಕಣ್ಣು ಬಗ್ಗಿದ ಗೆರೆಯ ಮೇಲೆ. ಅಲ್ಲಿ ಅಕ್ಕ ಮಳೆಗೆ ಎಲೆಯ ಗೊರಬೆ ಹಾಕಿಕೊಂಡು ನಿಂತಿದ್ದರು. ನೀರು ಬಂದು ಚೀಲಗಳಿಗೆ ಬಡಿಯುತ್ತಿತ್ತು, ಒಂದು ಬದಿಯ ಮುಂಡೇವು ಕಿತ್ತುಕೊಂಡು ಹೋಗುವುದು ಕಾಣುತ್ತಿತ್ತು. “ಅಕ್ಕಾ, ಹಿಂದೆ ಹೋಗಿ!” ಎಂದು ಬೊಬ್ಬೆ ಹಾಕಿದೆ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ನಾನು ಬಗ್ಗಿಸಿದ ಗೆರೆ, ಅದರ ಮೇಲೆ ಒಂದು ಜೀವ. ಅಷ್ಟು ಭಯ ನನಗೆ ಯಾವತ್ತೂ ಆಗಿಲ್ಲ. ಕತ್ತಲಾಗುವ ಮೊದಲು ನೀರು ಒಂದು ಗೇಣು ಇಳಿಯಿತು. ಗೆರೆ ಹಲವು ಕಡೆ ಹರಿದಿತ್ತು, ಆದರೆ ನಿಂತಿತ್ತು.

ದೀಪಾವಳಿಗೆ ನಮ್ಮಲ್ಲಿ ಸತ್ತವರಿಗೆ ಬಡಿಸುವ ಪದ್ಧತಿ. ಅಕ್ಕ ಬರಲು ಹೇಳಿದ್ದರು. ಹೊಳೆ ಇಳಿದಿತ್ತು. ಬಾಲದ ತುದಿಯಲ್ಲಿ ಹಿಂದೆ ಇಲ್ಲದ ಒಂದು ಮರಳುದಿಬ್ಬ ಎದ್ದಿತ್ತು, ಮೇಲೆ ತೆಳ್ಳಗೆ ಹೊಸ ಗೋಡು. ಕುದ್ರುಗಳ ರೀತಿಯೇ ಹಾಗೆ, ತಲೆ ಕಳೆದುಕೊಳ್ಳುತ್ತಾ ಬಾಲ ಬೆಳೆಸುತ್ತಾ ಕೆಳಗೆ ಕೆಳಗೆ ಸರಿಯುತ್ತವೆ. ಅಕ್ಕ ಬಾಳೆಎಲೆ, ಅನ್ನ, ಕೋಳಿಸಾರು, ನೀರು ಎಲ್ಲ ಹೊತ್ತುಕೊಂಡು ಆ ದಿಬ್ಬಕ್ಕೇ ನಡೆದರು. ಪ್ರತಿ ವರ್ಷ ತಲೆಯಲ್ಲಿ ಬಡಿಸಿ, ಅಲ್ಲೇ ನಿಂತುಬಿಡುತ್ತಿದ್ದರಂತೆ. ಮುಗಿಯಿತು ಎಂದು ಅವರಾಗಿ ಹೇಳಿದ್ದೇ ಇಲ್ಲ, ಕತ್ತಲಾದ ಮೇಲೆ ನಾವೇ ಕೈಹಿಡಿದು ಕರೆತರುತ್ತಿದ್ದೆವು ಎಂದು ಮೈದುನ ನನ್ನ ಕಿವಿಯಲ್ಲಿ ಹೇಳಿದರು.

ಅಕ್ಕ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಮುಂದೆ ಹಿಡಿದರು.

“ಟೀಚರ್, ನಿಮಗೆ ಗೊತ್ತಿರ್ತದೆ. ಇದು ನಮ್ಮ ತಲೆಯ ಮಣ್ಣೇ ಅಲ್ವಾ?”

ಹೌದು ಎಂದುಬಿಡುವುದು ಸುಲಭವಿತ್ತು. ಆದರೆ ಹೊಳೆ ಘಟ್ಟದಿಂದ ಇಲ್ಲಿಯ ತನಕ ಎಷ್ಟೋ ಊರುಗಳ ಮಣ್ಣು ತರುತ್ತದೆ. ಯಾವುದು ಎಲ್ಲಿಯದು ಎಂದು ಹೇಳಲು ಯಾರಿಂದಲೂ ಆಗದು. ಈ ಸಲ ಸುಮ್ಮನಿರಲು ನನ್ನಿಂದ ಆಗಲಿಲ್ಲ.

“ಎಲ್ಲ ಅಲ್ಲ ಅಕ್ಕ. ಬೇರೆ ಬೇರೆ ಕಡೆಯದ್ದು ಬೆರೆತಿರ್ತದೆ. ನಮ್ಮದು ಸ್ವಲ್ಪ ಇರಬಹುದು, ಅಷ್ಟೇ.”

ಅವರು ಆ ಮಣ್ಣನ್ನು ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ತಿಕ್ಕುತ್ತಾ ನಿಂತರು.

“ಸ್ವಲ್ಪ ಇದ್ದರೆ ಸಾಕು,” ಎಂದರು.

ಎಲೆ ಹಾಸಿ ಬಡಿಸಿದರು. ಮನೆಯಲ್ಲಾದರೆ ಬಡಿಸಿದ ಮೇಲೆ ಬಾಗಿಲು ಹಾಕಿ ಹೊರಗೆ ನಿಲ್ಲುವುದು ಕ್ರಮ. ಇಲ್ಲಿ ಬಾಗಿಲು ಎಲ್ಲಿಂದ ಬರಬೇಕು. ಮೂವರೂ ಎಲೆಗೆ ಬೆನ್ನು ಹಾಕಿ ನಿಂತೆವು. ಹೊಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ನನಗೆ ತಿರುಗಿ ನೋಡಬೇಕೆಂದು ಕುತ್ತಿಗೆ ನೋಯುವಷ್ಟು ಅನ್ನಿಸಿತು, ನೋಡಲಿಲ್ಲ. ಎಷ್ಟು ಹೊತ್ತು ಹಾಗಿದ್ದೆವೋ. ಮೈದುನ ಎಂದಿನ ಹಾಗೆ ಅತ್ತಿಗೆಯ ಕೈ ಹಿಡಿಯಲು ಮುಂದೆ ಬರುವಷ್ಟರಲ್ಲಿ ಅಕ್ಕನೇ ತಿರುಗಿದರು. ಎಲೆಯ ಮುಂದೆ ಕುಳಿತು ಅದನ್ನು ಮಡಚಿದರು.

“ಅವರದ್ದು ಆಯ್ತು,” ಎಂದರು. “ಬನ್ನಿ, ನಾವು ಊಟ ಮಾಡುವ.”